ನೋವಿಲ್ಲದ ಹದಿಮೂರು ನಿಮಿಷ

ಮುದಕಪ್ಪನ ಅಂಗೈಯಲ್ಲಿ ಕೊಕ್ಕೆ ಸಿಕ್ಕಿಕೊಂಡಿದ್ದನ್ನು ಮೊದಲು ಕಂಡವಳು ಶಿವಲೀಲಾ. ಗೋಣಿಚೀಲ ಎಳೆಯಲು ಹಮಾಲರು ಬಳಸುವ ಕಬ್ಬಿಣದ ಕೊಕ್ಕೆ ಅದು. ಜಾರಿ ಎಡಗೈಗೆ ಹೊಕ್ಕಿತ್ತು. ಮೊನೆ ಹಿಂಬದಿಯಿಂದ ಅರ್ಧ ಬೆರಳಿನಷ್ಟು ಹೊರಗೆ ಬಂದಿತ್ತು. ಐವತ್ತೆರಡು ವರ್ಷದ ಆ ಮನುಷ್ಯ ಬೆನ್ನ ಮೇಲೆ ಮೆಕ್ಕೆಜೋಳದ ಚೀಲ ಹೊತ್ತು, ಕೈಯಲ್ಲಿ ಆ ಕಬ್ಬಿಣವನ್ನು ತೂಗಾಡಿಸುತ್ತ, ಲಾರಿಯಿಂದ ಗೋದಾಮಿನವರೆಗೆ ನಡೆದು ಬಂದ. ಅವನು ಬಂದ ದಾರಿಯುದ್ದಕ್ಕೂ ರಕ್ತ ಬಿದ್ದಿತ್ತು.

"ಕಾಕಾ, ನಿಮ್ಮ ಕೈ ನೋಡ್ಕೋರಿ" ಎಂದಳು ಶಿವಲೀಲಾ.

ಮುದಕಪ್ಪ ಚೀಲ ಇಳಿಸಿ ಕೈ ನೋಡಿಕೊಂಡ. "ಇದ್ಯಾವಾಗ ಹೊಕ್ಕೊಂತು?" ಎಂದು ತನ್ನಷ್ಟಕ್ಕೇ ಕೇಳಿಕೊಂಡು, ಕಾಲಿನ ಮುಳ್ಳು ಕೀಳುವವನಂತೆ ಕೊಕ್ಕೆಯನ್ನು ಎಳೆದು ತೆಗೆದ. ಶಿವಲೀಲಾ ಬರೆಯುವ ಪುಸ್ತಕ ಬಿಟ್ಟು ಅವನತ್ತ ಓಡಿದಳು. ಅವನು ನಕ್ಕ. "ಏನೂ ಆಗಿಲ್ಲ ತಂಗಿ. ನೀ ಬರ್ಕೊಳ್ಳೂದು ಬರ್ಕೋ. ಇನ್ನೂ ಎರಡು ಲಾರಿ ಅದಾವು."

ಅವಳು ಅವನನ್ನು ಕೂಡಿಸಿ ಕೈಗೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಕಳಿಸಿದಳು. ಆಮೇಲೆ ಬರೆದುಕೊಂಡಳು. ಬರೆದುಕೊಳ್ಳುವುದೇ ಅವಳ ಕೆಲಸವಾಗಿತ್ತು.

ಮುದಕಪ್ಪನ ಕುತ್ತಿಗೆಯ ಹಿಂದೆ ಎರಡು ಬೆರಳು ಅಗಲದ ಕಪ್ಪು ಪಟ್ಟಿಯೊಂದಿತ್ತು. ಗಾಯ ಎಲ್ಲೇ ಆಗಲಿ, ನೋವು ಅನುಭವಕ್ಕೆ ಬರುವುದು ಮಿದುಳಿನಲ್ಲಿ. ನಡುವೆ ಬೆನ್ನುಹುರಿಯ ದಾರಿ ಇದೆ, ಆ ದಾರಿಯಲ್ಲಿ ಬಾಗಿಲುಗಳಿವೆ. ಅಪಘಾತದಲ್ಲಿ ಕಾಲು ಮುರಿದವನು ಕೆಲವೊಮ್ಮೆ ಎದ್ದು ಹತ್ತು ಹೆಜ್ಜೆ ಓಡುತ್ತಾನಲ್ಲ, ಆಗ ಮಿದುಳು ತಾನಾಗಿ ಆ ಬಾಗಿಲು ಹಾಕಿಕೊಂಡಿರುತ್ತದೆ. ಪಟ್ಟಿಯಿಂದ ಹೊರಡುವ ಸಣ್ಣ ವಿದ್ಯುತ್ತು ಅದೇ ಬಾಗಿಲನ್ನು ಬೇಕೆಂದಾಗ ಮುಚ್ಚಿ, ಬೇಕೆಂದಷ್ಟು ಹೊತ್ತು ಮುಚ್ಚಿಯೇ ಇಡುತ್ತಿತ್ತು. ಮುಟ್ಟಿದ್ದು ತಿಳಿಯುತ್ತದೆ, ಬಿಸಿ ತಣ್ಣಗೆ ಅರೆಬರೆ ತಿಳಿಯುತ್ತದೆ, ನೋವು ಮಾತ್ರ ತಿಳಿಯುವುದಿಲ್ಲ.

ಅದನ್ನು ಮಾಡಿದ ಕಂಪನಿಯ ಹೆಸರು 'ಹಗುರ'. ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನ ಒಂದು ತಗಡಿನ ಶೆಡ್ಡಿನಲ್ಲಿ ಹನ್ನೊಂದು ಜನ ಕೆಲಸ ಮಾಡುತ್ತಿದ್ದರು. ಕಟ್ಟಿದವನು ಸಮರ್ಥ ಪಟ್ಟಣಶೆಟ್ಟಿ. ಅವನು ಮೂರು ವರ್ಷ ಒಂದು ಕೋಣೆ ತುಂಬುವಷ್ಟು ದೊಡ್ಡದಾದ, ನೋವು ತಡೆಯುವ ಯಂತ್ರವೊಂದನ್ನು ಆಸ್ಪತ್ರೆಗಳಿಗಾಗಿ ಮಾಡಿದ್ದ. ಅದರಲ್ಲಿ ಎಲ್ಲವೂ ಇತ್ತು, ಕೊಳ್ಳುವವರು ಮಾತ್ರ ಇರಲಿಲ್ಲ. ಕಂಪನಿ ಮುಚ್ಚುವ ಹಂತಕ್ಕೆ ಬಂದಾಗ ಅವನು ಸ್ಟಾರ್ಟಪ್ ಕಟ್ಟುವ ಹೊಸ ಪದ್ಧತಿಯನ್ನು ಕಲಿತ. ಎಲ್ಲ ಮುಗಿದ ಮೇಲೆ ಜನರ ಬಳಿ ಹೋಗಬೇಡ. ಕೆಲಸಕ್ಕೆ ಬರುವಷ್ಟು ಚಿಕ್ಕದನ್ನು ಬೇಗ ಮಾಡಿ ಅವರ ಕೈಗೆ ಕೊಡು, ಅವರು ಏನು ಮಾಡುತ್ತಾರೆ ಅಳೆ, ಕಲಿತದ್ದನ್ನು ಹಿಡಿದು ಮತ್ತೆ ಕಟ್ಟು. ತಪ್ಪಿದೆ ಎಂದು ಗೊತ್ತಾದರೆ ದಿಕ್ಕು ಬದಲಿಸು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದ: ಕಟ್ಟು, ಅಳೆ, ಕಲಿ.

ಪದ್ಧತಿ ಫಲ ಕೊಟ್ಟಿತು. ದೊಡ್ಡ ಯಂತ್ರ ಕುಗ್ಗಿ ಪಟ್ಟಿಯಾಯಿತು. ಆಸ್ಪತ್ರೆಯವರು ಬೇಡವೆಂದರು, ಮಂಡಿನೋವಿನ ಮುದುಕರು ಎರಡು ದಿನ ಕಟ್ಟಿ ಬಿಚ್ಚಿಟ್ಟರು. ಬೈಪಾಸ್ ರಸ್ತೆಯ ಬದಿಯ ಗೋದಾಮಿನ ಹಮಾಲರು ಮಾತ್ರ ತಿರುಗಿ ಕೊಡಲೇ ಇಲ್ಲ. ಕಳಿಸಿದ ಆರು ಪಟ್ಟಿಯ ಜೊತೆಗೆ ಇನ್ನೂ ನಲವತ್ತು ಬೇಕೆಂದು ಹೇಳಿ ಕಳಿಸಿದರು. ಸಮರ್ಥನಿಗೆ ತನ್ನ ಗಿರಾಕಿ ಯಾರೆಂದು ಅಂದು ತಿಳಿಯಿತು. ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದವಳು ಶಿವಲೀಲಾ ತಳವಾರ. ಕಂಪನಿಯ ವೈದ್ಯಕೀಯ ಉಪಕರಣಗಳ ಎಂಜಿನಿಯರ್. ಅವಳ ಅಣ್ಣ ಫಕೀರಪ್ಪ ಅದೇ ಗೋದಾಮಿನಲ್ಲಿ ಒಂದು ಗ್ಯಾಂಗಿನ ಮುಖ್ಯಸ್ಥ.

ಕೊಕ್ಕೆಯ ವಿಷಯ ಹೇಳಿದಾಗ ಸಮರ್ಥ ಕುರ್ಚಿಯಿಂದ ಎದ್ದು ನಿಂತೇ ಕೇಳಿದ. "ಆಸ್ಪತ್ರಿ ಖರ್ಚು ಪೂರಾ ನಮ್ಮದು ಅಂತ ಹೇಳ್ರಿ" ಎಂದ. ಆಮೇಲೆ ಹೇಳಿದ, "ನೋಡ್ರಿ ಶಿವಲೀಲಾ, ಕುಂತಲ್ಲೇ ಕುಂತು ಎಲ್ಲಾ ಅಪಾಯ ಊಹೆ ಮಾಡಾಕ ಆಗೂದಿಲ್ಲ. ಒಂದು ಗಾಯ ಆತು, ನಮಗ ಒಂದು ವಿಷಯ ಗೊತ್ತಾತು. ಮುಂದಿನ ವಾರ ಅದಕ್ಕ ಏನರ ಮಾಡೂಣು."

"ಅದು ಗೊತ್ತಾಗಾಕ ಅವರ ಕೈ ಯಾಕ ಬೇಕಾತ್ರಿ ಸರ?"

ಸಮರ್ಥ ತನ್ನ ಅಂಗಿಯ ತೋಳು ಮಡಚಿ ತೋರಿಸಿದ. ಮೊಣಕೈ ಕೆಳಗೆ ಸಾಲಾಗಿ ಐದು ಸುಟ್ಟ ಕಲೆಗಳಿದ್ದವು. ಪಟ್ಟಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಕಾದ ಕಬ್ಬಿಣವನ್ನು ತಾನೇ ಒತ್ತಿಕೊಂಡಿದ್ದ. "ಮೊದಲ ಕೈ ನಂದು" ಎಂದ. ಅವನನ್ನು ಕೆಟ್ಟವನೆಂದು ಅನ್ನುವುದು ಅವಳಿಗೆ ಯಾವತ್ತೂ ಸಾಧ್ಯವಾಗಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅವಳು ಹಳೇಹುಬ್ಬಳ್ಳಿಯ ಅಣ್ಣನ ಮನೆಗೆ ಹೋದಳು. ಅತ್ತಿಗೆ ರೇಣವ್ವ ರೊಟ್ಟಿ ಬಡಿಯುತ್ತಿದ್ದಳು. ಫಕೀರಪ್ಪ ಒಲೆಯ ಮುಂದೆಯೇ ಕುಳಿತು ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ ಹಾಕುತ್ತಿದ್ದ. ಬೆರಳುಗಳ ತುದಿ ಬೆಳ್ಳಗೆ ಬೊಬ್ಬೆ ಎದ್ದಿದ್ದವು. ಕುತ್ತಿಗೆಯಲ್ಲಿ ಪಟ್ಟಿ ಹಾಗೆಯೇ ಇತ್ತು.

"ಅಣ್ಣಾ, ಕೆಲಸ ಇಲ್ಲದಾಗರ ಅದನ್ನ ಬಿಚ್ಚು."

"ಬಿಚ್ಚಿದ್ರ ವಾರದ ನೋವೆಲ್ಲಾ ಒಮ್ಮೆಲೇ ಬಂದು ಹಿಡಕೋತೈತಿ" ಎಂದ ಫಕೀರಪ್ಪ. "ಹೋದ ಭಾನುವಾರ ಬಿಚ್ಚಿ ಹಾಸಗೀ ಮ್ಯಾಲೆ ಹೊಳ್ಳಾಡೀನಿ. ಇದು ಇದ್ರ ಆರಾಮ ಇರ್ತೇನಿ. ಇರಲಿ ಬಿಡು."

"ವಾರ ಆತು ಲೀಲವ್ವ" ಎಂದಳು ರೇಣವ್ವ. "ಮೈಗೆ ನೀರು ಹಾಕ್ಕೊಳ್ಳಾಗಲೂ ಬಿಚ್ಚೂದಿಲ್ಲ. ಕಾಲಾಗ ಮೊಳಿ ನಟ್ಟಿದ್ದೂ ಗೊತ್ತಿಲ್ಲ ಇವರಿಗೆ. ನಾನ ನೋಡಿ ತಗದೆ." ಹೀಗೆ ಹೇಳುತ್ತ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಅರ್ಧ ಸಿಟ್ಟು ಅರ್ಧ ನಗೆಯಲ್ಲಿ, ಅವನ ಕುತ್ತಿಗೆಯ ಪಟ್ಟಿಗೆ ಕೈ ಹಾಕಿದಳು.

ಫಕೀರಪ್ಪ ಅವಳ ಮಣಿಕಟ್ಟು ಹಿಡಿದ. ಅಷ್ಟೇ ಮಾಡಿದ್ದು. ಒಣಗಿದ ಕಟ್ಟಿಗೆ ಮುರಿದಂಥ ಸದ್ದು ಶಿವಲೀಲಾಳಿಗೆ ಒಲೆಯ ಆಚೆ ಬದಿಗೂ ಕೇಳಿಸಿತು. ರೇಣವ್ವ ಕೂಗಿ ಕೆಳಗೆ ಕುಸಿದಳು. ಅವಳ ಕೈ ಮಣಿಕಟ್ಟಿನ ಮೇಲೆ ಇನ್ನೊಂದು ಕೀಲು ಇದ್ದಂತೆ ಬಾಗಿತ್ತು. ಫಕೀರಪ್ಪ ಇನ್ನೂ ಹಿಡಿದೇ ಇದ್ದ. ಬಿಗಿತ ಮೀರಿದಾಗ ಆಗುವ ನೋವು ಇಲ್ಲದ್ದರಿಂದ, ಎಷ್ಟು ಬಿಗಿಯಾಗಿ ಹಿಡಿದಿದ್ದೇನೆಂದು ಅವನ ಸ್ನಾಯುಗಳು ಅವನಿಗೆ ಹೇಳುತ್ತಿರಲಿಲ್ಲ.

"ಬಿಡಣ್ಣಾ, ಕೈ ಬಿಡು" ಎಂದು ಶಿವಲೀಲಾ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ನಾ ಬರೇ ಹಿಡದೆ" ಎಂದ ಅವನು. "ಬರೇ ಹಿಡದೆ, ಲೀಲಾ." ಕುತ್ತಿಗೆಯ ಪಟ್ಟಿ ಕಿತ್ತು ಬಿಸಾಕಿದ. ಎರಡೇ ನಿಮಿಷದಲ್ಲಿ ಬೆನ್ನು ಹಿಡಿದುಕೊಂಡು ಅವನೂ ನೆಲಕ್ಕೆ ಬಿದ್ದ. ಗಂಡ ಹೆಂಡತಿಯರಿಬ್ಬರನ್ನೂ ಶಿವಲೀಲಾ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸೋಮವಾರ ಫಕೀರಪ್ಪ ಮತ್ತೆ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋದ. ಕಟ್ಟಿಕೊಳ್ಳದೆ ಅವನ ಬೆನ್ನು ಏಳುತ್ತಿರಲಿಲ್ಲ.

ಅದೇ ಸೋಮವಾರ ಶಿವಲೀಲಾ ಸಮರ್ಥನ ಮೇಜಿನ ಮುಂದೆ ನಿಂತು, ಪಟ್ಟಿ ನಾಲ್ಕು ತಾಸಿಗೊಮ್ಮೆ ತಾನಾಗಿ ಒಂದು ತಾಸು ನಿಲ್ಲಬೇಕು ಎಂದಳು. ನಿಲ್ಲುವಾಗಲೂ ಒಮ್ಮೆಲೇ ನಿಲ್ಲಬಾರದು, ಇಪ್ಪತ್ತು ನಿಮಿಷ ನಿಧಾನವಾಗಿ ಇಳಿಯಬೇಕು. ತಡೆದಿಟ್ಟ ನೋವು ಒಂದೇ ಏಟಿಗೆ ನುಗ್ಗಿದರೆ ಬಲಹೀನರ ಹೃದಯ ತಡೆದುಕೊಳ್ಳಲಾರದು. ಇದೆಲ್ಲವನ್ನೂ ಅವಳು ಆಗಲೇ ಬರೆದು ಮುಗಿಸಿದ್ದಳು.

ಸಮರ್ಥ ಓದಿದ. "ಛಲೋ ಐತಿ. ಆದ್ರ ಇದು ಅವರಿಗೆ ಬೇಕೋ ಬ್ಯಾಡೋ ನಮಗ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೂಣು. ಅಲ್ಲಿ ಎರಡು ಗ್ಯಾಂಗ್ ಅದಾವಲ್ಲ, ಒಂದಕ್ಕ ನಿಲ್ಲೋ ಪಟ್ಟಿ, ಇನ್ನೊಂದಕ್ಕ ನಿಲ್ಲದ್ದು. ಒಂದು ವಾರ. ಯಾವುದು ಗೆಲ್ತೈತಿ ಅದ ಎಲ್ಲಾರಿಗೂ."

ಒಂದೇ ವಸ್ತುವಿನ ಎರಡು ರೂಪವನ್ನು ಎರಡು ಗುಂಪಿಗೆ ಕೊಟ್ಟು ತೂಗಿ ನೋಡುವುದು ಅವರ ಪದ್ಧತಿಯ ದಿನನಿತ್ಯದ ಕೆಲಸ. ಗುಂಡಿಯ ಬಣ್ಣ ಕೆಂಪಿರಬೇಕೋ ನೀಲಿ ಇರಬೇಕೋ ಎಂದು ಹಾಗೆಯೇ ನಿರ್ಧರಿಸಿದ್ದರು. ಶಿವಲೀಲಾ ಒಪ್ಪಿದಳು. ನಿಲ್ಲುವ ಪಟ್ಟಿಯನ್ನು ಅಣ್ಣನ ಗ್ಯಾಂಗಿಗೆ ಕೊಟ್ಟಳು. ಅವರ ಮೈಯಾದರೂ ಉಳಿಯಲಿ ಎಂದುಕೊಂಡಳು. ನಿಲ್ಲದ ಪಟ್ಟಿ ಹುಚ್ಚೀರಪ್ಪನ ಗ್ಯಾಂಗಿಗೆ ಹೋಯಿತು. ಮುದಕಪ್ಪ ಅದೇ ಗ್ಯಾಂಗಿನವನು. ಅವನ ಮೈ ಯಾರು ಉಳಿಸುತ್ತಾರೆ ಎಂಬ ಪ್ರಶ್ನೆ ಅವಳ ಮನಸ್ಸಿಗೆ ಬಂದಿತ್ತು. ಒಂದು ವಾರ ಅಷ್ಟೇ ಅಲ್ಲವೇ ಎಂದು ಅದನ್ನು ಪಕ್ಕಕ್ಕೆ ಸರಿಸಿದ್ದಳು.

ವಾರ ಹೇಗೆ ಕಳೆಯಿತು ಎಂಬುದನ್ನು ಶೆಡ್ಡಿನ ಪರದೆ, ಪ್ರತಿ ಪಟ್ಟಿ ಕಳಿಸುವ ನಾಡಿ ಮತ್ತು ಚಲನೆಯ ಲೆಕ್ಕದಿಂದ, ಚುಕ್ಕೆ ಗೀಟುಗಳಲ್ಲಿ ತೋರಿಸಿತು. ಗೋದಾಮಿನಲ್ಲಿ ಅದು ಬೇರೆಯೇ ರೀತಿ ಕಳೆಯಿತು. ಪ್ರತಿದಿನ ಹನ್ನೊಂದು ಗಂಟೆಗೆ ಫಕೀರಪ್ಪನ ಗ್ಯಾಂಗಿನ ಇಪ್ಪತ್ತಮೂರು ಜನ ಸೊಂಟ ಹಿಡಿದುಕೊಂಡು ನೆರಳಿಗೆ ಕೂಡುತ್ತಿದ್ದರು. ಆ ಒಂದು ತಾಸಿನಲ್ಲಿ ಬಂದ ಲಾರಿಗಳೆಲ್ಲ ಹುಚ್ಚೀರಪ್ಪನ ಕಡೆಗೆ ಹೋಗುತ್ತಿದ್ದವು. ಗುರುವಾರದ ಹೊತ್ತಿಗೆ ಲಾರಿ ಚಾಲಕರು ಬೆಳಿಗ್ಗೆಯಿಂದಲೇ ಹುಚ್ಚೀರಪ್ಪನನ್ನು ಹುಡುಕಿಕೊಂಡು ಬರತೊಡಗಿದರು. ಅವನ ಜನ ನೆರಳಲ್ಲಿ ಕುಳಿತವರ ಮುಂದೆ ಚೀಲ ಹೊತ್ತು ಓಡುತ್ತ, "ಬಾಣಂತ್ಯಾರು ಮಲಗ್ಯಾರ, ಸಪ್ಪಳ ಮಾಡಬ್ಯಾಡ್ರಿ" ಎಂದು ಅಣಕಿಸುತ್ತಿದ್ದರು. ಅವರಲ್ಲಿ ಒಬ್ಬನ ಕಾಲು ಹೆಬ್ಬೆರಳು ಕಪ್ಪಗಾಗಿ ಬೂಟಿನಲ್ಲೇ ಕೊಳೆಯುತ್ತಿತ್ತು. ಅವನೂ ನಗುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಫಕೀರಪ್ಪ ಶೆಡ್ಡಿಗೆ ಬಂದ. ಎಲ್ಲರ ಎದುರೇ ಕೇಳಿದ.

"ನಮಗ ನಿಲ್ಲೂದು, ಅವರಿಗೆ ನಿಲ್ಲದ್ದು. ಯಾರು ಮಾಡಿದ್ದು ಇದನ್ನ?"

"ನಾ ಮಾಡೀನಣ್ಣ. ವೈನಿ ಕೈ ನೋಡಿದ ಮ್ಯಾಲೆ ಮಾಡೀನಿ."

"ನನ್ನ ಹೇಣ್ತಿ ಕೈ ನನ್ನ ಮನ್ಯಾಗ ಇರಲಿ" ಎಂದ ಫಕೀರಪ್ಪ. "ಇಪ್ಪತ್ತಮೂರು ಮಂದಿ ನನ್ನ ಮಾರಿ ನೋಡಾಕತ್ತಾರ. ಅವರಿಗೇನು ಹೇಳ್ಲಿ? ನನ್ನ ತಂಗಿಗೆ ನಮ್ಮ ಮ್ಯಾಲೆ ಪ್ರೀತಿ ಭಾಳ, ಅದಕ್ಕ ನಮ್ಮ ಕೆಲಸ ಕಳದ್ಲು ಅಂತ ಹೇಳ್ಲೇನು?"

ಅವನು ಹೋದ ಮೇಲೆ ಸಮರ್ಥ ಪರದೆಯಲ್ಲಿ ಎರಡೂ ಗ್ಯಾಂಗಿನ ಲೆಕ್ಕ ಹೋಲಿಸಿ ನೋಡಿದ. ವಾರದ ಫಲಿತಾಂಶದಲ್ಲಿ ಸಂಶಯವೇ ಇರಲಿಲ್ಲ. ಸಂಜೆ ಶಿವಲೀಲಾ ಮನೆಗೆ ಹೊರಟ ಮೇಲೆ ಅವನು ಗೆದ್ದ ರೂಪವನ್ನು ನಲವತ್ತಾರು ಪಟ್ಟಿಗಳಿಗೂ ಕಳಿಸಿದ. ಶನಿವಾರದಿಂದ ಯಾರ ಪಟ್ಟಿಯೂ ನಿಲ್ಲುವಂತಿರಲಿಲ್ಲ. ಅವಳಿಗೆ ಹೇಳಿದರೆ ವಾದ ಬೆಳೆಯುತ್ತದೆ ಎಂದು ಸೋಮವಾರ ಹೇಳೋಣವೆಂದುಕೊಂಡ.

ಶನಿವಾರ ಹನ್ನೊಂದು ಗಂಟೆ ದಾಟಿ ಐದು ನಿಮಿಷಕ್ಕೆ ಸಮರ್ಥ ಪರದೆಯ ಮುಂದಿನಿಂದ ಕರೆದ. "ಶಿವಲೀಲಾ, ಬರ್ರಿ ಇಲ್ಲೆ. ಇಂಥಾ ದಿನಾನ ನಾ ನೋಡಿಲ್ಲ."

ನಲವತ್ತಾರು ಗೀಟುಗಳೂ ಮೇಲಕ್ಕೆ ಏರಿದ್ದವು. ಎಲ್ಲರ ನಾಡಿ ನೂರ ಐವತ್ತರ ಮೇಲೆ. ಮೈಯ ಚಲನೆ ದಿನನಿತ್ಯದ ಎರಡರಷ್ಟು. "ಎಷ್ಟು ಲಾರಿ ಬಂದಿರಬೇಕು" ಎನ್ನುತ್ತಿದ್ದ ಸಮರ್ಥ.

ಶಿವಲೀಲಾ ನೋಡುತ್ತ ನಿಂತಳು. ಫಕೀರಪ್ಪನ ಗ್ಯಾಂಗಿನ ಗೀಟುಗಳು ಈ ಹೊತ್ತಿಗೆ ಇಳಿಯುತ್ತಿರಬೇಕಿತ್ತು. "ಇವರ ಪಟ್ಟಿ ಯಾಕ ನಿಂತಿಲ್ಲ?" ಎಂದಳು. ಸಮರ್ಥ ನಿನ್ನೆ ಮಾಡಿದ್ದನ್ನು ಹೇಳಿದ. ಅವಳು ಅವನ ಮುಖ ನೋಡಲಿಲ್ಲ, ಗೀಟುಗಳನ್ನೇ ನೋಡಿದಳು. ಚೀಲ ಹೊರುವವನ ಚಲನೆಗೆ ಒಂದು ಲಯವಿರುತ್ತದೆ: ಬಾಗು, ಏಳು, ನಡೆ, ಇಳಿಸು. ಎಂಟು ತಿಂಗಳು ಅದನ್ನೇ ನೋಡಿದ್ದಳು. ಇಲ್ಲಿ ಅದಿರಲಿಲ್ಲ. ಒಬ್ಬನ ಗೀಟು ಗಕ್ಕನೆ ನೆಗೆದರೆ ಅದೇ ಕ್ಷಣದಲ್ಲಿ ಇನ್ನೊಬ್ಬನದು ನೆಗೆಯುತ್ತಿತ್ತು.

"ಇದು ಚೀಲ ಹೊರೂದಲ್ಲ ಸರ. ಹೊಡದಾಡಾಕತ್ತಾರ."

ಅಣ್ಣನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಗೋದಾಮಿನ ಗೇಟಿನವನಿಗೆ ಮಾಡಿದಳು. "ಒಂದು ಲಾರಿ ಸಲುವಾಗಿ ಸುರು ಆತ್ರೀ" ಎಂದು ಅವನು ಅಳುತ್ತಿದ್ದ. "ದಿನಾ ಈ ಹೊತ್ತಿನ್ಯಾಗ ನಮ್ಮದು ಅಂತ ಹುಚ್ಚೀರಪ್ಪ, ಇವತ್ತು ನಾವೂ ಅದೇವಿ ಅಂತ ಫಕೀರಪ್ಪ. ಇಬ್ಬರು ಪೊಲೀಸರು ಬಂದಾರ್ರೀ, ಲಾಠೀಲೇ ಹೊಡದ್ರೂ ಯಾರೂ ಸರಿಯವಲ್ರು. ಹೊಡಿಸ್ಕೊಂಡವರು ಹೊಳ್ಳಿ ಸೈತ ನೋಡವಲ್ರು. ಯಾರೂ ಕೂಗವಲ್ರು, ನನಗ ಭಾಳ ಅಂಜಿಕಿ ಆಗಾಕತ್ತೈತಿ."

ಎಲ್ಲ ಪಟ್ಟಿಗಳನ್ನೂ ಒಮ್ಮೆಲೇ ನಿಲ್ಲಿಸುವ ಗುಂಡಿ ಇರಲಿಲ್ಲ. ಕನಿಷ್ಠ ರೂಪ ಸಾಕು, ಉಳಿದದ್ದು ಮುಂದೆ ಎಂದು ಅದನ್ನು ಬಿಟ್ಟಿದ್ದರು. ಪಟ್ಟಿಗಳು ನಾಡಿ, ಚಲನೆಗಳನ್ನು ಎಡೆಬಿಡದೆ ಕಳಿಸುತ್ತಿದ್ದರೂ, ಬ್ಯಾಟರಿ ಉಳಿಯಲೆಂದು, ಹೊಸ ಆದೇಶವಿದೆಯೇ ಎಂದು ಕಂಪನಿಯ ಕಂಪ್ಯೂಟರನ್ನು ಕಾಲು ತಾಸಿಗೊಮ್ಮೆ ಮಾತ್ರ ಕೇಳುತ್ತಿದ್ದವು. ಶಿವಲೀಲಾ ಕುಳಿತು ಆದೇಶ ಬರೆದಳು. ಎರಡು ಸಲ ತಪ್ಪಾಗಿ ಮತ್ತೆ ಬರೆದಳು. ಕಳಿಸಿದಾಗ ಹನ್ನೊಂದು ಹದಿನೇಳು. ಪಟ್ಟಿಗಳು ಹನ್ನೊಂದು ಹದಿನೈದಕ್ಕೆ ಕೇಳಿ ಹೋಗಿದ್ದವು. ಇನ್ನು ಕೇಳುವುದು ಹನ್ನೊಂದೂವರೆಗೆ.

"ಇಪ್ಪತ್ತು ನಿಮಿಷದ ಇಳಿಕಿ ಹಾಕಿಲ್ಲ ನೀವು" ಎಂದ ಸಮರ್ಥ ಪರದೆ ಓದಿ.

"ಇಲ್ಲ. ಒಮ್ಮೆಲೇ ಬಂದ್."

"ಹೃದಯ ನಿಲ್ತಾವಂತ ನೀವ ಹೇಳಿದ್ರಿ."

"ಇಪ್ಪತ್ತು ನಿಮಿಷ ಕೊಟ್ರ ಯಾರೂ ಉಳಿಯೂದಿಲ್ಲ ಸರ" ಎಂದು ಅವಳು ಸ್ಕೂಟರಿನ ಕೀಲಿ ತೆಗೆದುಕೊಂಡು ಓಡಿದಳು.

ಗೋದಾಮು ಮೂರು ಕಿಲೋಮೀಟರ್ ದೂರ. ಗೇಟಿನ ಹೊರಗೆ ಜನ ಸೇರಿದ್ದರು. ಒಬ್ಬ ಪೊಲೀಸಿನವನು ತಲೆ ಹಿಡಿದುಕೊಂಡು ಗೋಡೆಗೆ ಒರಗಿದ್ದ, ಇನ್ನೊಬ್ಬ ಫೋನಿನಲ್ಲಿ ಜನ ಕರೆಸುತ್ತಿದ್ದ. ಅವಳು ಒಳಗೆ ಹೋದಳು.

ಮೊದಲು ಅನುಭವಕ್ಕೆ ಬಂದದ್ದು ಅಲ್ಲಿನ ಮೌನ. ಏಟು ಬೀಳುವ ಸದ್ದಿತ್ತು, ಕಬ್ಬಿಣ ಕಲ್ಲಿಗೆ ತಾಗುವ ಸದ್ದಿತ್ತು, ಏದುಸಿರಿತ್ತು. ನರಳುವ ಒಂದು ದನಿ ಇರಲಿಲ್ಲ. ನಡುಅಂಗಳದಲ್ಲಿ ಒಡೆದ ಚೀಲಗಳಿಂದ ಮೆಕ್ಕೆಜೋಳ ಹರಡಿ ಅದರ ಮೇಲೆ ಜನ ಜಾರಿ ಬೀಳುತ್ತಿದ್ದರು, ಎದ್ದು ಮತ್ತೆ ಹೊಡೆಯುತ್ತಿದ್ದರು. ಒಬ್ಬನ ಮುಂಗೈ ಮುರಿದು ಜೋತಾಡುತ್ತಿತ್ತು. ಅವನು ಆ ಕೈಯಿಂದಲೇ ಬಾರಿಸುತ್ತಿದ್ದ, ಒಳಗಿನ ಎಲುಬು ಚರ್ಮ ಸೀಳಿ ಹೊರಬಂದಿತ್ತು. ಇನ್ನೊಬ್ಬ ಹೊಟ್ಟೆಯಲ್ಲಿ ಕೊಕ್ಕೆ ಇಟ್ಟುಕೊಂಡೇ ಎದುರಾಳಿಯ ಕತ್ತು ಹಿಡಿದಿದ್ದ. ಹಮಾಲರ ಜಗಳವನ್ನು ಅವಳು ಸಣ್ಣವಳಿದ್ದಾಗಿನಿಂದ ನೋಡಿದ್ದಳು. ನಾಲ್ಕು ಏಟು ಬಿದ್ದ ಮೇಲೆ ಯಾರೋ ಒಬ್ಬ ಬಿಡೋ ಎನ್ನುತ್ತಿದ್ದ, ಇನ್ನೊಬ್ಬ ಬಿಡುತ್ತಿದ್ದ, ಸಂಜೆ ಒಟ್ಟಿಗೆ ಚಹಾ ಕುಡಿಯುತ್ತಿದ್ದರು. ಇಲ್ಲಿ ಬಿಡು ಎನ್ನಲು ಯಾರಿಗೂ ಕಾರಣವಿರಲಿಲ್ಲ.

ಫಕೀರಪ್ಪ ಲಾರಿಯ ಗಾಲಿಯ ಬಳಿ ಇದ್ದ. ಎಡಗಾಲು ಮೊಣಕಾಲ ಕೆಳಗೆ ಹೊರಳಿ ಪಾದ ಅಡ್ಡಕ್ಕೆ ತಿರುಗಿತ್ತು. ಆ ಮುರಿದ ಕಾಲ ಮೇಲೇ ನಿಂತಿದ್ದ. ಕೆಳಗೆ ಬಿದ್ದವನು ಹುಚ್ಚೀರಪ್ಪ. ಅವನ ಒಂದು ಕಣ್ಣಿರುವಲ್ಲಿ ರಕ್ತ ಮಾತ್ರವಿತ್ತು. ಅವನು ಹಲ್ಲು ಕಿಸಿದು ನಗುತ್ತ, ಏಳಲು ನೋಡುತ್ತ, "ಇಷ್ಟನೇನಲೇ ನಿನ್ನ ತಾಕತ್ತು" ಎನ್ನುತ್ತಿದ್ದ. ಫಕೀರಪ್ಪ ಕಬ್ಬಿಣದ ಹಾರೆ ಎತ್ತಿ ಇಳಿಸುತ್ತಿದ್ದ.

"ಅಣ್ಣಾ" ಎಂದು ಶಿವಲೀಲಾ ಹಿಂದಿನಿಂದ ಹೋಗಿ ಅವನ ಕುತ್ತಿಗೆಯ ಪಟ್ಟಿಗೆ ಕೈ ಹಾಕಿದಳು. ಬೆವರು ರಕ್ತಗಳಲ್ಲಿ ಕೊಂಡಿ ಜಾರಿತು. ಫಕೀರಪ್ಪ ತಿರುಗದೆಯೇ ಮೊಣಕೈ ಬೀಸಿದ. ಅವಳು ಆರು ಅಡಿ ದೂರ ಹೋಗಿ ಲಾರಿಯ ಬಂಪರಿಗೆ ಬಡಿದು ಬಿದ್ದಳು. ಪಕ್ಕೆಲುಬಿನ ನೋವು ಉಸಿರು ಕಟ್ಟಿಸಿತು. ಆ ಅಂಗಳದಲ್ಲಿ ನೋವು ತಿಳಿಯುತ್ತಿದ್ದವಳು ಅವಳೊಬ್ಬಳೇ.

ಕಿಸೆಯಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಹನ್ನೊಂದು ಇಪ್ಪತ್ತಾರು. ಸಮರ್ಥ.

"ಕೇಳ್ರಿ" ಎಂದ. "ಇಬ್ಬರ ನಾಡಿ ಹೋತು. ಇನ್ನೊಬ್ಬಂದು ಹ್ಯಾಂಗ್ಯಾಂಗರ ಬಡಿಯಾಕತ್ತೈತಿ, ಮುದಕಪ್ಪಂದು. ಒಮ್ಮೆಲೇ ಬಂದ್ ಆದ್ರ ಅವ ತಾಳೂದಿಲ್ಲ. ಅವನೊಬ್ಬಂಗ ಬ್ಯಾರೆ ಕಳಸಾಕ ಬರೂದಿಲ್ಲ, ಎಲ್ಲಾರ ಆದೇಶ ನಿಧಾನದ್ದಕ್ಕ ಬದಲಿಸ್ಲ್ಯಾ? ನಾಲ್ಕು ನಿಮಿಷ ಐತಿ. ನೀವು ಅಲ್ಲೇ ಅದೀರಿ, ನೀವ ಹೇಳ್ರಿ."

ಶಿವಲೀಲಾ ತಲೆ ಎತ್ತಿ ನೋಡಿದಳು. ಮುದಕಪ್ಪ ಗೋದಾಮಿನ ಬಾಗಿಲ ಬಳಿ, ಬಿದ್ದವನೊಬ್ಬನನ್ನು ಕಂಕುಳಲ್ಲಿ ಹಿಡಿದು ಒಳಗೆ ಎಳೆದೊಯ್ಯುತ್ತಿದ್ದ. ಹೊಡೆದಾಡುತ್ತಿರಲಿಲ್ಲ. ಆದರೂ ಯಾರೋ ಬೀಸಿದ್ದು ಅವನಿಗೂ ತಗುಲಿ ಹೆಗಲಿನ ಎಲುಬು ಒಳಗೆ ಕುಸಿದಿತ್ತು, ಬಾಯಿಂದ ರಕ್ತ ಬರುತ್ತಿತ್ತು. ಅವನ ಸುತ್ತ ಮೂವತ್ತು ಜನ ಒಬ್ಬರನ್ನೊಬ್ಬರು ಹೊಡೆದು ಮುಗಿಸುತ್ತಿದ್ದರು. ಓಡಿ ಹೋಗಿ ಅವನೊಬ್ಬನ ಪಟ್ಟಿಯ ವಿದ್ಯುತ್ತನ್ನು ಕೈಯಿಂದ ನಿಧಾನವಾಗಿ ಇಳಿಸಬಹುದೇ ಎಂದು ಏಳಲು ನೋಡಿದಳು. ಮೈ ಏಳಲಿಲ್ಲ.

"ಬ್ಯಾಡ ಸರ" ಎಂದಳು. "ಹಂಗ ಇರ್ಲಿ."

ಆ ನಾಲ್ಕು ನಿಮಿಷದಲ್ಲಿ ಮೂರನೆಯವನು ಸತ್ತ. ಅದು ಹುಚ್ಚೀರಪ್ಪ.

ಹನ್ನೊಂದೂವರೆಗೆ ಫಕೀರಪ್ಪನ ಹಾರೆ ಮೇಲೆಯೇ ನಿಂತಿತು. ಎಲ್ಲರೂ ಏನನ್ನೋ ಕೇಳಿಸಿಕೊಂಡವರಂತೆ ಒಂದು ಉಸಿರಿನಷ್ಟು ಹೊತ್ತು ತಟಸ್ಥರಾದರು. ಆಮೇಲೆ ಆ ಅಂಗಳದಿಂದ ಎದ್ದ ಕೂಗು ಬೈಪಾಸ್ ರಸ್ತೆಯ ಆಚೆಯವರೆಗೂ ಕೇಳಿಸಿತಂತೆ. ನಲವತ್ತಕ್ಕೂ ಹೆಚ್ಚು ಗಂಡಸರು ಒಂದೇ ಸಲ ನೆಲಕ್ಕೆ ಬಿದ್ದು, ಒಂದೇ ಸಲ ಕೂಗಿದರು. ಹೊಡೆಯುತ್ತಿದ್ದ ಕೈಗಳೆಲ್ಲ ತಮ್ಮ ತಮ್ಮ ಮೈ ಹಿಡಿದುಕೊಂಡವು. ಗೇಟಿನ ಹೊರಗಿನ ಜನ ಕಿವಿ ಮುಚ್ಚಿಕೊಂಡರು. ಮುದಕಪ್ಪನ ನಾಡಿ ನಲವತ್ತು ಸೆಕೆಂಡಿಗೆ ನಿಂತಿತು ಎಂದು ಪರದೆ ಬರೆದುಕೊಂಡಿತು.

ಫಕೀರಪ್ಪನ ಕಾಲನ್ನು ಮೊಣಕಾಲ ಮೇಲೆ ಕತ್ತರಿಸಿದರು. ಹತ್ತನೆಯ ದಿನ, ಕೈದಿಗಳ ವಾರ್ಡಿನಲ್ಲಿ, ಬ್ಯಾಂಡೇಜು ಸುತ್ತಿದ ಪಕ್ಕೆಯನ್ನು ಒತ್ತಿ ಹಿಡಿದುಕೊಂಡು ಶಿವಲೀಲಾ ಅವನ ಬಳಿ ಕುಳಿತಳು. ರೇಣವ್ವ ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ಅವನಿಗೆ ಗಂಜಿ ಕುಡಿಸುತ್ತಿದ್ದಳು.

"ನಾ ಹೊಡ್ಯಾಕತ್ತಿದ್ದೆ, ಅವ ನಗಾಕತ್ತಿದ್ದ" ಎಂದ ಫಕೀರಪ್ಪ ಛಾವಣಿ ನೋಡುತ್ತ. "ಅವಂಗ ನೋವಾಗಿದ್ರ ಬಿಡು ಅಂತಿದ್ದ. ಬಿಡು ಅಂದಿದ್ರ ಬಿಡ್ತಿದ್ದೆ, ಲೀಲಾ. ಹದಿನಾಲ್ಕು ವರ್ಷದಿಂದ ಗೊತ್ತು ನನಗವ."

ಸಮರ್ಥ ಬಂಧಿತನಾಗಿ ಜಾಮೀನಿನ ಮೇಲೆ ಹೊರಗೆ ಬಂದಿದ್ದ. ಶೆಡ್ಡಿಗೆ ಬೀಗ ಬಿದ್ದಿತ್ತು. ವಕೀಲರ ಕಚೇರಿಯ ಮೆಟ್ಟಿಲ ಮೇಲೆ ಅವನು ಅವಳನ್ನು ಕಂಡ. ಗಡ್ಡ ಬೆಳೆದಿತ್ತು. "ಮಾಡಿದ್ದಕ್ಕ ನಾ ಒಳಗ ಹೋಗ್ತೇನಿ" ಎಂದ. "ಆದ್ರ ಮುದಕಪ್ಪ ಹೊಡದಾಟದಾಗ ಸತ್ತ ಅಂತ ಪೊಲೀಸರು ಬರಕೊಂಡಾರ. ಅದು ಹಂಗ ಇರಲಿ. ನಿಮ್ಮ ಆದೇಶದ ವ್ಯಾಳ್ಯಾ ಇದ್ದ ದಾಖಲಿ ಯಾರೂ ಕೇಳಿಲ್ಲ. ನೀವು ಅವತ್ತು ಮೂವತ್ತು ಮಂದೀನ ಉಳಿಸೀರಿ. ಆ ಒಬ್ಬನ್ನ ನಿಮ್ಮ ತಲೀ ಮ್ಯಾಲೆ ಹಾಕ್ಕೋಬ್ಯಾಡ್ರಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳಿಗೆ ಅದು ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಮುದಕಪ್ಪನ ಮನೆ ಹುಡುಕಿಕೊಂಡು ಹೋದಳು. ಅವನ ಹೆಂಡತಿ ಕಾಶವ್ವ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಸಣ್ಣ ಮೈಯ, ನರೆತ ತಲೆಯ ಹೆಂಗಸು. ಶಿವಲೀಲಾ ತನ್ನ ಹೆಸರು ಹೇಳಿದಳು. ಪಟ್ಟಿ ಮಾಡಿದವರಲ್ಲಿ ತಾನೂ ಒಬ್ಬಳು ಎಂದಳು. ಆಮೇಲೆ, ನಿಂತಲ್ಲಿಯೇ, ಎಲ್ಲವನ್ನೂ ಹೇಳಿದಳು: ಅಣ್ಣನ ಗ್ಯಾಂಗಿಗೆ ನಿಲ್ಲುವ ಪಟ್ಟಿ ಕೊಟ್ಟು ಮುದಕಪ್ಪನ ಗ್ಯಾಂಗಿಗೆ ನಿಲ್ಲದ್ದನ್ನು ಕೊಟ್ಟದ್ದು, ಸಮರ್ಥ ಫೋನಿನಲ್ಲಿ ಕೇಳಿದ್ದು, ಮುದಕಪ್ಪನ ಹೃದಯ ತಾಳುವುದಿಲ್ಲ ಎಂದು ಗೊತ್ತಿದ್ದೂ ತಾನು ಬೇಡ ಎಂದದ್ದು.

ಕಾಶವ್ವ ಕೈಯಲ್ಲಿದ್ದ ಒದ್ದೆ ಪಂಚೆಯನ್ನು ಹಗ್ಗದ ಮೇಲೆ ಹಾಕಿ ಬಂದು ಅವಳ ಕೆನ್ನೆಗೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಶಿವಲೀಲಾ ಕೈ ಅಡ್ಡ ಹಿಡಿಯಲಿಲ್ಲ. ತುಟಿ ಒಡೆಯಿತು. ಐದೋ ಆರೋ ಏಟಿನ ಮೇಲೆ ಕಾಶವ್ವ ನಿಂತಳು. ಅಂಗೈ ಕೆಂಪಗೆ ಉರಿಯುತ್ತಿತ್ತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು ಊದಿಕೊಳ್ಳುತ್ತ ಕಟ್ಟೆಯ ಮೇಲೆ ಕುಳಿತಳು.

"ಇದನ್ನ ಕೋರ್ಟಿನ್ಯಾಗ ಹೇಳ್ತೀಯೇನು?" ಎಂದು ಕೇಳಿದಳು.

"ಹೇಳ್ತೇನಿ. ಇಲ್ಲಿಂದ ಪೊಲೀಸ್ ಠಾಣೆಗೇ ಹೊಂಟೇನಿ."

ಕಾಶವ್ವ ತಲೆಯಾಡಿಸಿದಳು. "ಕಡೀಗೆ ನಮ್ಮ ಮನಿಯವರು ಏನರ ಅಂದ್ರೇನು? ನೀ ಅಲ್ಲೇ ಇದ್ದೆಲ್ಲ."

ಸುಳ್ಳು ಹೇಳಬಹುದಿತ್ತು. ನಿಮ್ಮ ಹೆಸರು ಕರೆದರು ಎಂದಿದ್ದರೆ ಆ ಹೆಂಗಸಿಗೆ ಅಷ್ಟಾದರೂ ಉಳಿಯುತ್ತಿತ್ತು. ಶಿವಲೀಲಾ ತುಟಿಯ ರಕ್ತ ಒರೆಸಿಕೊಂಡಳು.

"ಎಲ್ಲಾರೂ ಯವ್ವಾ ಅಂತ ಕೂಗಿದ್ರು" ಎಂದಳು. "ಒಂದ ಸಲಕ್ಕ. ಅದರಾಗ ಅವರ ದನಿ ಯಾವುದಂತ ನನಗ ಗೊತ್ತಾಗ್ಲಿಲ್ಲ."